ಭಟ್ಟಿಯಲ್ಲಾದರೂ ನೆರಳಿತ್ತು

ನನ್ನ ಕುಬಸದ ಫೋಟೊ ಒಂದಿದೆ. ಬೀರುವಿನಲ್ಲಿ ಹಳೇ ಸೀರೆಗಳ ಕೆಳಗೆ ಇಟ್ಟಿದ್ದೇನೆ, ಯಾರಿಗೂ ತೋರಿಸುವುದಿಲ್ಲ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮುಡಿಗೆ ಮಲ್ಲಿಗೆ ದಂಡೆ, ಎಲ್ಲ ಸರಿಯಾಗಿದೆ. ಮುಖ ಮಾತ್ರ ಸುಣ್ಣ ಹೊಡೆದ ಗೋಡೆ. ಗದ್ದದ ಕೆಳಗೆ ಪೌಡರ್ ಮುಗಿದು, ಅಲ್ಲಿಂದ ನನ್ನ ನಿಜವಾದ ಬಣ್ಣ ಶುರುವಾಗುತ್ತದೆ. ನನ್ನ ಅತ್ತೆ ತಮ್ಮ ಕೈಯಾರೆ ಮೂರು ಸಲ ಬಳಿದ ಪೌಡರ್ ಅದು. ನನ್ನ ಎರಡೂ ಕೆನ್ನೆಯ ಮೇಲೆ ಬಂಗು ಎದ್ದಿತ್ತು, ಬಂದ ಹೆಂಗಸರಿಗೆ ಅದು ಕಾಣಬಾರದಿತ್ತು. ಏಳು ತಿಂಗಳ ಬಸುರಿಯನ್ನು ಮಣೆಯ ಮೇಲೆ ಕೂರಿಸಿ ಹರಸಲು ಬಂದವರಿಂದ ಮುಖ ಮುಚ್ಚಿಡಬೇಕಾಗಿತ್ತಂತೆ!

ಆ ಫೋಟೊ ಕಣ್ಣಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅರ್ಧ ಉರಿ ಅತ್ತೆಯ ಮೇಲೆ, ಸುಳ್ಳು ಯಾಕೆ ಹೇಳಲಿ. ಉಳಿದ ಅರ್ಧ ಯಾರ ಮೇಲೆ ಎಂದು ಹೇಳುವುದಕ್ಕೆ ಆ ಬೇಸಿಗೆಯ ಕಥೆಯನ್ನೇ ಹೇಳಬೇಕು.

ನನ್ನ ತವರು ಕೂಡ್ಲಿಗಿ, ಗಂಡನ ಮನೆ ಕೊಟ್ಟೂರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಗಂಡನ ಮನೆಯವರದು ಮಂಡಕ್ಕಿ ಭಟ್ಟಿ. ಮನೆಯ ಹಿಂದೆಯೇ ದೊಡ್ಡ ಹಿತ್ತಲು. ಅದರ ಒಂದು ಬದಿಗೆ ಹಂಚು ಹೊದಿಸಿದ ಭಟ್ಟಿಯ ಶೆಡ್ಡು, ಪಕ್ಕದಲ್ಲೊಂದು ಬೇವಿನ ಮರ, ಇನ್ನೊಂದು ಬದಿಗೆ ಸಿಮೆಂಟಿನ ಕಣ. ನೆನೆಸಿ ಕುದಿಸಿದ ಭತ್ತವನ್ನು ಕಣದಲ್ಲಿ ಹರವಿ ಒಣಗಿಸುತ್ತಾರೆ. ಒಣಗಿದ್ದನ್ನು ಅಕ್ಕಿ ಮಾಡಿಸಿ, ಉಪ್ಪುನೀರು ಹಾಕಿ, ಭಟ್ಟಿಯಲ್ಲಿ ಕಾದ ಮರಳಿಗೆ ಸುರಿದರೆ ಮಂಡಕ್ಕಿ ಅರಳುತ್ತದೆ. ಕಣದ ಕೆಲಸ ಹೆಂಗಸರದು. ಭತ್ತದ ಮೇಲೆ ಬರಿಗಾಲಲ್ಲಿ ಸಾಲು ಹಿಡಿದು ನಡೆದು, ಪಾದದಿಂದಲೇ ಕಾಳನ್ನು ಮಗುಚುತ್ತ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಹೋಗುತ್ತಿರಬೇಕು. ಸ್ವಲ್ಪ ಹೊತ್ತು ಬಿಟ್ಟರೂ ಮೇಲಿನದು ಒಣಗಿ ಕೆಳಗಿನದು ಹಸಿಯಾಗೇ ಉಳಿಯುತ್ತದೆ, ಆಮೇಲೆ ಅಕ್ಕಿ ನುಚ್ಚಾಗುತ್ತದೆ. ಹಾಗಾಗಿ ಬಿಸಿಲು ಏರಿದಷ್ಟೂ ಕಣದ ಹೆಂಗಸು ಅಲ್ಲಿಂದ ಕದಲುವ ಹಾಗಿಲ್ಲ.

ನನಗೆ ಚೊಚ್ಚಲ ಬಸಿರು ನಿಂತ ದಿನದಿಂದ ಅತ್ತೆಗೆ ಒಂದೇ ಚಿಂತೆ, ಕೂಸಿನ ಬಣ್ಣ. ನಾನು ಆ ಮನೆಗೆ ಬಂದಿದ್ದೇ ಬಿಳಿ ಬಣ್ಣದ ಹುಡುಗಿ ಎಂಬ ಒಂದೇ ಗುಣಕ್ಕೆ. ಪಿಯುಸಿ ಓದಿದ್ದೆ, ಹೊಲಿಗೆ ಬರುತ್ತಿತ್ತು, ಅದನ್ನೆಲ್ಲ ಯಾರೂ ಕೇಳಿರಲಿಲ್ಲ. ಗಂಡ ನಸುಗಪ್ಪು. ಕೂಸು ಯಾರನ್ನು ಹೋಲುತ್ತದೋ ಎಂಬ ಲೆಕ್ಕಾಚಾರ ಮೂರನೇ ತಿಂಗಳಿಗೇ ಶುರುವಾಯಿತು. ಕರಿ ದ್ರಾಕ್ಷಿ ಬಂದ್. ನೇರಳೆ ಹಣ್ಣು ಬಂದ್. ಚಹಾ ಬಂದ್. ಅದೆಲ್ಲ ಹೋಗಲಿ, ಗುರೆಳ್ಳು ಪುಡಿಯೂ ಬಂದ್! ಜೋಳದ ರೊಟ್ಟಿಗೆ ಗುರೆಳ್ಳು ಪುಡಿ, ಮೇಲೆ ಒಂದು ಚಮಚ ಎಣ್ಣೆ, ಇದಿಲ್ಲದೆ ನಾನು ಹುಟ್ಟಿದಾಗಿನಿಂದ ಊಟ ಮಾಡಿದವಳಲ್ಲ. ಪುಡಿ ಕಪ್ಪಗಿದೆ, ಆದ್ದರಿಂದ ಕೂಸೂ ಕಪ್ಪಗಾಗುತ್ತದೆ. ಹಾಗಾದರೆ ಹಾಲು ಕುಡಿದ ಎಮ್ಮೆ ಕರುವೆಲ್ಲ ಬೆಳ್ಳಗಾಗಬೇಕಿತ್ತಲ್ಲ ಎಂದು ಬಾಯಿತನಕ ಬಂದಿತ್ತು. ನುಂಗಿಕೊಂಡು ಕೇಸರಿ ಹಾಲು ಕುಡಿದೆ.

ಬಿಸಿಲಂತೂ ಕೇಳಲೇಬೇಡಿ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ನನ್ನನ್ನು ಹಿಂದಿನ ಕೋಣೆಗೆ ಸೇರಿಸಿದರು. ಅಂಗಳಕ್ಕೆ ಹೋಗಬಾರದು, ಬಟ್ಟೆ ಒಣಹಾಕಬಾರದು, ಮಾಳಿಗೆ ಹತ್ತಬಾರದು. ಕೋಣೆಗಿದ್ದ ಒಂದೇ ಕಿಟಕಿ ಕಣದ ಕಡೆ ತೆರೆಯುತ್ತಿತ್ತು. ಅದಕ್ಕೂ ಮಂಡಕ್ಕಿ ಚೀಲ ಬಿಚ್ಚಿ ಪರದೆ ಕಟ್ಟಿದರು.

"ಯವ್ವಾ, ಬಿಸ್ಲು ಮೈಗೆ ತಾಗಿದ್ರ ಒಳಗಿನ ಕೂಸಿಗೂ ತಾಗತೈತಿ. ನಾಳಿ ಹುಟ್ಟಿದ ಮ್ಯಾಲ ಕರ್ರಗೈತಿ ಅಂತ ಅತ್ರ ಬರ್ತೈತೇನು?" ಇದು ಅತ್ತೆ.

"ಬಿಸ್ಲು ಹೊಟ್ಟಿ ಒಳಗ ಹೆಂಗ ಹೋಗತೈತ್ರಿ ಅತ್ತಿ?"

"ಹೋಗತೈತಿ. ನಿನಗೇನ ಗೊತ್ತು, ನಾನು ನಾಕ ಹಡದೀನಿ."

ನಾಲ್ಕು ಹಡೆದವರ ಮುಂದೆ ಒಂದೂ ಹಡೆಯದವಳು ಏನು ಮಾತಾಡುವುದು? ಸುಮ್ಮನಾದೆ. ಹಾಗೆ ಸುಮ್ಮನಾಗುವುದು ನನಗೆ ಬಹಳ ಬೇಗ ಅಭ್ಯಾಸವಾಯಿತು, ಅದನ್ನು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಇಷ್ಟೆಲ್ಲ ಕತ್ತಲಲ್ಲಿ ಕೂತಿದ್ದರೂ ಆರನೇ ತಿಂಗಳಿಗೆ ನನ್ನ ಕೆನ್ನೆಯ ಮೇಲೆ ಬಂಗು ಬಂತು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಅತ್ತೆಗೆ ಕಳ್ಳಿಯನ್ನು ಹಿಡಿದಷ್ಟು ಖಾತ್ರಿ. "ಕಿಟಕ್ಯಾಗ ನಿಂತಿರ್ತಾಳ ಈಕಿ, ಅದಕ್ಕ." ಕಡಲೆಹಿಟ್ಟು, ಕೆನೆ, ಅರಿಶಿನ ಎಲ್ಲ ಆಯಿತು. ಕೊನೆಗೆ ಫ್ಯಾನ್ಸಿ ಸ್ಟೋರಿನಿಂದ ಒಂದು ಚಿಕ್ಕ ಡಬ್ಬಿ ತಂದರು. ಮೇಲೆ ಹೆಸರಿಲ್ಲ, ವಿಳಾಸವಿಲ್ಲ, ಬರೀ ಒಂದು ಬಿಳಿ ಹೆಂಗಸಿನ ಚಿತ್ರ. ಹಚ್ಚಿದರೆ ಕೆನ್ನೆ ಚುರುಚುರು ಎನ್ನುತ್ತಿತ್ತು. ಚುರುಗುಟ್ಟಿದರೆ ಔಷಧಿ ಹತ್ತಿದೆ ಎಂದು ಅರ್ಥ ಎಂದರು.

ತಿಂಗಳ ತಪಾಸಣೆಗೆ ಕೂಡ್ಲಿಗಿಯಲ್ಲಿ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋಗುತ್ತಿದ್ದೆ, ಜೊತೆಗೆ ನನ್ನ ಅವ್ವ ಬರುತ್ತಿದ್ದಳು. ಡಾಕ್ಟರು ನನ್ನ ಕೆನ್ನೆ ನೋಡಿ, ನನ್ನ ಚೀಲದಲ್ಲಿದ್ದ ಡಬ್ಬಿ ಇಸಿದುಕೊಂಡು, ಮೂಸಿ ನೋಡಿ, ನನ್ನ ಕಣ್ಣೆದುರೇ ಕಸದ ಬುಟ್ಟಿಗೆ ಎಸೆದರು.

"ಬಸುರ್ಯಾಗ ಇಂಥವು ಹಚ್ಕೊಂತಾರೇನವ್ವ? ಇದು ಬಸುರಿಗೆ ಬರೋ ಬಂಗು. ಹಡದ ಮ್ಯಾಲ ತಾನಾಗೇ ಕಡಿಮಿ ಆಗತೈತಿ. ಹೊರಗ ಹೋಗುವಾಗ ತಲಿ ಮ್ಯಾಲ ಸೆರಗು ಹಾಕ್ಕೋ, ಬಿಸ್ಲು ಬಿದ್ರ ಬಂಗು ಇನ್ನಷ್ಟು ಗಾಢ ಆಗತೈತಿ, ಅಷ್ಟ."

"ಕೂಸು ಕರ್ರಗಾಗತೈತೇನ್ರಿ ಬಿಸ್ಲಿಗೆ?" ಅವ್ವ ಕೇಳಿದಳು. ನಮ್ಮವ್ವನಿಗೂ ಅದೇ ಚಿಂತೆ!

ಡಾಕ್ಟರು ಪೆನ್ನು ಕೆಳಗಿಟ್ಟರು. "ಕೂಸಿನ ಬಣ್ಣ ಅಪ್ಪ ಅವ್ವನಿಂದ ಬರ್ತೈತಿ, ಬಿಸ್ಲಿಂದ ಬರಂಗಿಲ್ಲ. ಮುಂಜಾನಿ ಎಳೆ ಬಿಸ್ಲಿಗೆ ಸ್ವಲ್ಪ ಅಡ್ಡಾಡು, ಒಳ್ಳೇದು. ಆದ್ರ ಮಧ್ಯಾಹ್ನದ ಬಿಸ್ಲಾಗ ನಿಲ್ಲಬ್ಯಾಡ. ಬಣ್ಣಕ್ಕಲ್ಲ. ಬಸುರಿ ಮೈ ಹೆಚ್ಗಿ ಕಾಯಬಾರದು, ಬಿಸ್ಲಾಗಲಿ ಒಲಿಯಾಗಲಿ. ಮೈ ಕಾದ್ರ ಒಳಗಿನ ಕೂಸಿಗೆ ತ್ರಾಸ. ನೀರು ಮಾತ್ರ ಬೇಕಾದಷ್ಟು ಕುಡಿ."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ಬಿಸಿಲಾಗಲಿ ಒಲೆಯಾಗಲಿ ಎಂದು ಎರಡನ್ನೂ ಹೇಳಿದ್ದರು. ನನ್ನ ಕಿವಿಗೆ ಎರಡೂ ಬಿದ್ದಿದ್ದವು ಎಂದು ದೇವರಾಣೆ ಮಾಡಿ ಹೇಳಬಲ್ಲೆ.

ಕೊಟ್ಟೂರಿಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. "ಡಾಕ್ಟ್ರು ಹೇಳತಾರ, ಅವರಿಗೇನು" ಎಂದರು, ಪರದೆಗೆ ಇನ್ನೊಂದು ಮೊಳೆ ಬಿತ್ತು. ಆಗ ನನ್ನೊಳಗೆ ಒಂದು ಹಟ ಹುಟ್ಟಿತು. ನನ್ನ ವಿಷಯದಲ್ಲಿ ಹೇಗೂ ನನ್ನ ಮಾತು ನಡೆಯುವುದಿಲ್ಲ, ಡಾಕ್ಟರು ಹೇಳಿದ್ದನ್ನು ಇನ್ಯಾರಿಗಾದರೂ ಉಪಯೋಗಕ್ಕೆ ತರುತ್ತೇನೆ ಎಂದುಕೊಂಡೆ. ಆ ಇನ್ಯಾರೋ ಸಿಕ್ಕಿದ್ದು ನಮ್ಮ ಭಟ್ಟಿಯಲ್ಲೇ.

ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯಲು ಒಬ್ಬ ಹೆಂಗಸು ಬರುತ್ತಿದ್ದಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳಿರಬೇಕು. ಊರ ಅಂಚಿನ ಕೇರಿಯಿಂದ ಬುತ್ತಿ ಕಟ್ಟಿಕೊಂಡು ಬರುವವಳು. ಅವಳ ಗಂಡ ಹೊಸಪೇಟೆ ಕಡೆ ಲಾರಿಯ ಕ್ಲೀನರ್ ಆಗಿ ಹೋಗಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಅವಳಿಗೂ ಚೊಚ್ಚಲ ಬಸಿರು, ನನಗಿಂತ ಹದಿನೈದು ದಿನ ಮುಂದೆ. ಹೊಟ್ಟೆ ಹೊತ್ತು ಅವಳು ಬೇವಿನ ಮರದ ಕಡೆಯ ಮೂಲೆಯಲ್ಲಿ ಕೂತು, ಮರಳು ಉದುರುವಂತೆ ಜರಡಿ ಆಡಿಸುತ್ತಿದ್ದಳು. ಭಟ್ಟಿಗೆ ಭತ್ತದ ಹೊಟ್ಟು ಹಾಕಿ ಉರಿಸುತ್ತಿದ್ದರು, ಹೊಟ್ಟು ಮುಗಿದ ದಿನ ಹಳೇ ಟೈರ್ ತುಂಡು. ಕರಿ ಹೊಗೆ, ಧಗೆ. ನಾನು ಕಿಟಕಿಯ ಚೀಲ ಸರಿಸಿ ನೋಡಿದಾಗಲೆಲ್ಲ ಅವಳ ಮುಖ ಬೆವರಲ್ಲಿ ಮಿಂಚುತ್ತಿತ್ತು.

ಬಸುರಿ ಮೈ ಕಾಯಬಾರದು. ಡಾಕ್ಟರ ಮಾತು ನೆನಪಾಯಿತು. ಒಲೆ ಎಂದರೆ ಇನ್ನೇನು, ಇದೇ ತಾನೆ? ಆ ದಿನ ಊಟಕ್ಕೆ ಬಂದ ಮಾವನ ಮುಂದೆ ಧೈರ್ಯ ಮಾಡಿದೆ.

"ಮಾವ, ಜರಡಿ ಹಿಡಿಯಾಕಿ ಬಸುರಿ ಅದಾಳ. ಬೆಂಕಿ ಮುಂದ ಕುಂದ್ರಸಬ್ಯಾಡ್ರಿ. ಡಾಕ್ಟ್ರು ಹೇಳ್ಯಾರ, ಕಾವು ಕೂಸಿಗೆ ಆಗಂಗಿಲ್ಲಂತ."

ಆಶ್ಚರ್ಯವೆಂದರೆ ಮಾವ ಒಪ್ಪಿದರು. ಅತ್ತೆಯೂ ಒಪ್ಪಿದರು. ನಮ್ಮ ಕಡೆ ಬಸುರಿಯನ್ನು ಭಟ್ಟಿಯ ಉರಿ ಹತ್ತಿರ ಬಿಡಬಾರದು ಎಂಬುದು ಮೊದಲಿನಿಂದ ಇದ್ದ ಮಾತೇ ಅಂತೆ. ಕೆಲಸದ ಗದ್ದಲದಲ್ಲಿ ಅವಳ ವಿಷಯಕ್ಕೆ ಯಾರೂ ಅದನ್ನು ನೆನೆಸಿಕೊಂಡಿರಲಿಲ್ಲ. "ಹೌದವಾ, ಬೆಂಕಿ ಕೆಟ್ಟದ್ದು. ನಾಳಿಂದ ಆಕಿನ್ನ ಕಣಕ್ಕ ಹಾಕೋಣ" ಎಂದರು ಮಾವ.

ಕಣಕ್ಕೆ! ಮೇಲೆ ಸೂರಿಲ್ಲದ, ಸುತ್ತ ಗೋಡೆಯಿಲ್ಲದ, ಬೇಸಿಗೆಯ ಸಿಮೆಂಟಿನ ಕಣಕ್ಕೆ! ಅಲ್ಲಿದ್ದ ನಾಲ್ಕು ಜನರಲ್ಲಿ ಮೂವರ ತಲೆಗೆ ಅದು ಹೊಳೆಯಲೇ ಇಲ್ಲ. ನನ್ನ ಕೆನ್ನೆಗೆ ಕಿರಣ ತಾಗೀತೆಂದು ಕಿಟಕಿಗೆ ಚೀಲ ಕಟ್ಟಿದ ಜನ ನಾವು. ಅವಳ ಬಿಸಿಲು ನಮಗೆ ಬಿಸಿಲೇ ಅಲ್ಲ, ಬರೀ ಬೆಳಕು. ಸಣ್ಣ ದನಿಯಲ್ಲಿ ನನ್ನ ಗಂಡ ಒಂದು ಸಲ ಅಂದರು: "ಬಿಸ್ಲು ಬಾಳ ಐತಲ್ಲಪ್ಪ." ಅತ್ತೆ ರೊಟ್ಟಿ ಹಾಕುತ್ತ, "ಬಿಸ್ಲು ಅವರಿಗೇನು ಹೊಸಾದ? ಹುಟ್ಟಿದಾಗಿಂದ ರೂಢಿ ಐತಿ" ಎಂದರು. ನಾನು ಏನು ಮಾಡಿದೆ? ಅಂದುಕೊಂಡಿದ್ದನ್ನು ಸಾಧಿಸಿದೆ ಎಂಬ ಖುಷಿಯಲ್ಲಿ ಅವತ್ತು ಒಂದು ರೊಟ್ಟಿ ಹೆಚ್ಚು ತಿಂದೆ.

ಮರುದಿನದಿಂದ ಅವಳು ಕಣದಲ್ಲಿ. ಬೆಳಿಗ್ಗೆ ಭತ್ತ ಹರವುವುದರಿಂದ ಹಿಡಿದು ಹೊತ್ತು ಇಳಿಯುವ ತನಕ ನನ್ನ ಕೋಣೆಗೆ ಅವಳ ಪಾದದ ಸದ್ದು ಕೇಳುತ್ತಿತ್ತು. ಸರ್ರ್, ಸರ್ರ್. ಆ ತುದಿಗೆ ಹೋದಾಗ ಸಣ್ಣದಾಗುತ್ತಿತ್ತು, ಕಿಟಕಿಯ ಕಡೆ ಬಂದಾಗ ದೊಡ್ಡದಾಗುತ್ತಿತ್ತು. ನನಗೆ ಕತ್ತಲಲ್ಲಿ ಅದೊಂದು ಸಂಗಾತ.

ಮೂರನೇ ದಿನವೋ ನಾಲ್ಕನೇ ದಿನವೋ ಸದ್ದು ಕಿಟಕಿಯ ಹತ್ತಿರ ಬಂದು ನಿಂತಿತು.

"ಅಕ್ಕಾರ, ಒಂದ್ ಮಾತು."

ಚೀಲ ಸರಿಸಿದೆ. ತುಟಿ ಒಡೆದಿದ್ದವು. ತಲೆಗೆ ಸೆರಗು ಹೊದ್ದಿದ್ದಳು, ಕೆಳಗೆ ಕಣದ ಕಾವಿಗೆ ಕಾಲು ಅದಲು ಬದಲು ಎತ್ತಿಡುತ್ತಿದ್ದಳು.

"ನನ್ನ ಮತ್ತ ಭಟ್ಟಿಗೇ ಹಾಕಸ್ರಿ ಅಕ್ಕಾರ. ಅಲ್ಲಿ ಕುಂತು ಜರಡಿ ಹಿಡೀತೀನಿ. ಇಲ್ಲಿ ತಲಿ ಗಿಮ್ಮಂತೈತಿ, ಕಣ್ಣಿಗೆ ಕತ್ತಲಿ ಬರ್ತೈತಿ."

"ಹುಚ್ಚಿ ಏನು ನೀನು? ಬೆಂಕಿ ಮುಂದ ಕುಂತ್ರ ಹೊಟ್ಟ್ಯಾಗಿನ ಕೂಸಿಗೆ ಕಾವು ಹತ್ತತೈತಿ. ಡಾಕ್ಟ್ರೇ ಹೇಳ್ಯಾರ. ನಿನ್ನ ಸಲುವಾಗಿ ಮಾವಾರ ಮುಂದ ನಾನು ಬಾಯಿ ಬಿಟ್ಟು ಕೇಳೀನಿ, ಗೊತ್ತೈತೇನು?"

"ಗೊತ್ತೈತ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ. ಆದ್ರ..."

"ಆದ್ರ ಗೀದ್ರ ಏನಿಲ್ಲ. ನಾಕ ದಿನ ರೂಢಿ ಆಗತೈತಿ."

ರೂಢಿ! ಅತ್ತೆಯ ಬಾಯಿಂದ ಬಂದ ಮಾತನ್ನು ಅಷ್ಟು ಬೇಗ ನಾನು ಕಲಿತುಬಿಟ್ಟಿದ್ದೆ. ಮೇಲಾಗಿ ಒಂದು ಹಳೇ ಟವೆಲ್ಲು ಕಿಟಕಿಯಿಂದ ಕೊಟ್ಟೆ, ತಲೆಗೆ ಸುತ್ತಿಕೋ ಎಂದು. ಅವಳು ಕೈ ಮುಗಿದು ಇಸಿದುಕೊಂಡಳು. ಅವಳು ಆಚೆ ತಿರುಗುತ್ತಿದ್ದಂತೆ ಬಿಸಿಲು ನನ್ನ ಕೆನ್ನೆಯ ಮೇಲೆ ಬಿತ್ತು, ನಾನು ಬಂಗು ಹೆಚ್ಚಾದೀತೆಂದು ಚೀಲ ಎಳೆದುಕೊಂಡೆ. ಇದನ್ನೂ ಬರೆಯುತ್ತೇನೆ. ಬರೆಯದೆ ಬಿಟ್ಟರೆ ಎಲ್ಲ ತಪ್ಪು ಅತ್ತೆಯ ತಲೆಗೆ ಕಟ್ಟಿ ನಾನು ಒಳ್ಳೆಯವಳಾಗಿಬಿಡುತ್ತೇನೆ.

ಇನ್ನೊಂದು ವಾರ ಕಳೆಯಿತು. ಅವತ್ತು ಮಧ್ಯಾಹ್ನ ಉಂಡು ಚಾಪೆಯ ಮೇಲೆ ಅಡ್ಡಾಗಿದ್ದೆ. ಸರ್ರ್, ಸರ್ರ್ ಎಂಬ ಸದ್ದು ಕಿವಿಗೆ ಬೀಳುತ್ತಲೇ ಇತ್ತು. ಆಮೇಲೆ ಇರಲಿಲ್ಲ. ನೀರು ಕುಡಿಯಲು ಹೋಗಿರಬೇಕು ಎಂದುಕೊಂಡೆ. ಎಷ್ಟು ಹೊತ್ತಾದರೂ ಮತ್ತೆ ಶುರುವಾಗದಿದ್ದಾಗ ಎದ್ದು ಚೀಲ ಸರಿಸಿದೆ. ಕಣದ ನಡುವೆ ಭತ್ತದ ಮೇಲೆ ಕೂತಿದ್ದಳು. ನಾನು ನೋಡುತ್ತಿದ್ದಂತೆಯೇ ಒಂದು ಕೈ ಊರಿ, ಆ ಕೈಯೂ ಜಾರಿ, ಮಗ್ಗುಲಿಗೆ ಬಿದ್ದಳು.

ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಹಿತ್ತಲ ಬಾಗಿಲು ದಾಟಿ ಬರಿಗಾಲಲ್ಲಿ ಕಣಕ್ಕೆ ಕಾಲಿಟ್ಟೆ. ಅಯ್ಯೋ ಶಿವನೇ! ಕಾದ ಹಂಚು! ಎರಡು ಹೆಜ್ಜೆಗೇ ಅಂಗಾಲು ಸುಟ್ಟಿತು. ಇದರ ಮೇಲೆ ಅವಳು ಹನ್ನೊಂದು ದಿನ ನಡೆದಿದ್ದಳು. ಹಿಂದಿನಿಂದ ಅತ್ತೆಯ ಕೂಗು ಕೇಳಿತು.

"ಏ ಏ, ಬಿಸ್ಲಾಗ ಹೋಗಬ್ಯಾಡ! ಕೂಸು ಕರ್ರಗಾಗತೈತಿ! ಒಳಗ ಬಾ!"

ನಾನು ಆ ಮನೆಯಲ್ಲಿ ಮೊದಲ ಸಲ ದನಿ ಎತ್ತಿದ್ದು ಆಗ. "ಆದ್ರ ಆಗ್ಲಿ ಕರ್ರಗ! ಇಲ್ಲಿ ಒಂದ್ ಜೀವ ಹೊಂಟೈತಿ, ನಿಮಗ ಬಣ್ಣದ್ದಾ ಚಿಂತಿ ಆಗೇತಲ್ರಿ!" ಭಟ್ಟಿಯವರೆಲ್ಲ ಕೆಲಸ ಬಿಟ್ಟು ಎದ್ದು ನಿಂತರು.

ಅವಳ ಹಣೆ ಮುಟ್ಟಿದೆ. ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ಭಟ್ಟಿಯ ಮುಂದೆ ಕೂತಾಗ ಮಿಂಚುತ್ತಿದ್ದ ಬೆವರು ನೆನಪಾಯಿತು. ನನ್ನ ಗಂಡ ಮತ್ತು ಭಟ್ಟಿಯ ಹೆಂಗಸರು ಸೇರಿ ಅವಳನ್ನು ಬೇವಿನ ಮರದ ಕೆಳಗೆ ತಂದು ಮಲಗಿಸಿದರು. ನನ್ನ ಸೆರಗನ್ನೇ ಕೊಡದ ನೀರಿಗೆ ಅದ್ದಿ ಅವಳ ಮೈ ಒರೆಸಿದೆ. ಕಣ್ಣು ಬಿಟ್ಟು ಏನೋ ಬಡಬಡಿಸಿದಳು, ಅರ್ಥವಾಗಲಿಲ್ಲ. ಮಂಡಕ್ಕಿ ಚೀಲ ಹೇರುವ ಟೆಂಪೊದಲ್ಲೇ ಅವಳನ್ನು ಆಸ್ಪತ್ರೆಗೆ ಸಾಗಿಸಿದರು. ನಾನು ಹತ್ತಲು ಹೋದೆ, ಅತ್ತೆ ರಟ್ಟೆ ಹಿಡಿದು ಇಳಿಸಿದರು.

ಹೆಂಗಸು ಉಳಿದಳು. ಮೂರನೇ ದಿನ ಹೆರಿಗೆಯಾಯಿತು. ಹೆಣ್ಣು ಕೂಸು. ಅಳಲಿಲ್ಲ.

ಅಲ್ಲಿನ ಡಾಕ್ಟರು ನನ್ನ ಗಂಡನಿಗೆ ಹೇಳಿದರಂತೆ, ಬಿಸಿಲೇ ಕಾರಣ ಎಂದು ಖಂಡಿತ ಹೇಳಲು ಬರುವುದಿಲ್ಲ, ಆದರೆ ತುಂಬಿದ ಬಸುರಿಯನ್ನು ಅಂಥ ಹೊತ್ತಿನಲ್ಲಿ ಬಯಲಲ್ಲಿ ನಿಲ್ಲಿಸಿದ ಬುದ್ಧಿವಂತರು ಯಾರು ಎಂದು. ಗಂಡ ಮನೆಗೆ ಬಂದು ಅದನ್ನು ನನ್ನೆದುರು ಹೇಳಿ, ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಮನೆಯಲ್ಲಿ ಏನೇನು ಮಾತು ಬಂತು ಎಂದರೆ ಕೇಳಿ. ಗಾಳಿ ಸೋಕಿರಬೇಕು. ಅವಳ ಹಣೆಬರಹ. ಉಂಡು ತಿಂದು ಗಟ್ಟಿ ಇರಲಿಲ್ಲ, ಅದಕ್ಕೇ. ಇಷ್ಟು ಕಾರಣ ಹುಡುಕಿದರು, ತಲೆಯ ಮೇಲೆ ಉರಿಯುತ್ತಿದ್ದ ಸೂರ್ಯ ಒಬ್ಬರ ಕಣ್ಣಿಗೂ ಬೀಳಲಿಲ್ಲ! ಕೂಸಿನ ಬಣ್ಣ ಕೆಡಿಸುವಷ್ಟು ಕೆಟ್ಟ ಬಿಸಿಲು ಕೂಸಿನ ಜೀವ ತೆಗೆಯಲಾರದೇ? ನನ್ನ ಹೊಟ್ಟೆಯೊಳಗೆ ತೂರಿ ಬರುವ ಬಿಸಿಲು ಅವಳ ಹೊಟ್ಟೆಯ ಮುಂದೆ ಬಾಗಿಲು ತಟ್ಟಿ ನಿಲ್ಲುತ್ತದೆಯೇ? ಈ ಪ್ರಶ್ನೆಗಳನ್ನು ಅತ್ತೆಗೆ ಕೇಳಿದೆ. "ಬಸುರಿ ಇಷ್ಟು ಸಿಟ್ಟು ಮಾಡಬಾರದು" ಎಂದರು.

ಮುಂದಿನ ವಾರವೇ ಕುಬಸ. ಮುಂದಕ್ಕೆ ಹಾಕಿ ಎಂದು ಬೇಡಿಕೊಂಡೆ, ಒಳ್ಳೆಯ ದಿನ ಮತ್ತೆ ಇಲ್ಲ ಎಂದರು. ಬಂಗು ಮೊದಲೇ ಇದ್ದದ್ದು ಮನೆಯವರಿಗೆಲ್ಲ ಗೊತ್ತಿತ್ತು, ಆದರೂ ಅತ್ತೆ ಮಾವನಿಗೆ, "ಅವತ್ತು ಕಣಕ್ಕ ಓಡಿ ಹೋದ್ಲಲ್ಲ, ಅದಕ್ಕ ಹಿಂಗ ಆಗೇತಿ ನೋಡ್ರಿ ಮುಖ" ಎಂದು ಹೇಳಿ, ಬರುವವರಿಗೆ ಕಾಣಬಾರದೆಂದು ಪೌಡರ್ ಬಳಿದರು. ಫೋಟೊದವನು "ಸ್ವಲ್ಪ ನಗ್ರಿ ಅಕ್ಕಾರ" ಎಂದ. ಆ ಫೋಟೊದಲ್ಲಿ ನಾನು ನಕ್ಕಿಲ್ಲ. ಅಷ್ಟಾದರೂ ಮಾಡಿದೆನಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಹೆರಿಗೆಗೆ ತವರಿಗೆ ಹೊರಡುವ ಹಿಂದಿನ ದಿನ, ಯಾರಿಗೂ ಹೇಳದೆ, ಗಂಡನೊಬ್ಬರನ್ನೇ ಕರೆದುಕೊಂಡು ಅವಳ ಮನೆಗೆ ಹೋದೆ. ಒಂದೇ ಅಂಕಣದ ಮನೆ. ಗೋಡೆಗೆ ಒರಗಿ ಕೂತಿದ್ದಳು. ಎದೆಗೆ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡಿದ್ದಳು, ಹಾಲು ನಿಲ್ಲಲೆಂದು. ನನ್ನ ಹೊಟ್ಟೆ ನೋಡಿ, "ಕುಂದ್ರಿ ಅಕ್ಕಾರ, ನಿಂದ್ರಬ್ಯಾಡ್ರಿ" ಎಂದು ಚಾಪೆ ತಟ್ಟಿದಳು. ನಾನು ಚಾಪೆಯ ತುದಿಗೆ ಕೂತೆ.

"ತಪ್ಪಾತವಾ" ಎಂದೆ. "ನಾನಾ ಮಾವಾರಿಗೆ ಹೇಳಿದ್ದು. ನಿನಗ ಚಲೋ ಆಗಲಿ ಅಂತ."

ಬೈದಿದ್ದರೆ, ಉಗಿದಿದ್ದರೆ, ಎದ್ದು ಹೋಗು ಎಂದಿದ್ದರೆ ಎಷ್ಟು ಹಗುರಾಗುತ್ತಿದ್ದೆನೋ. ಅವಳು ಎದೆಯ ಬಟ್ಟೆಯ ಗಂಟು ಬಿಗಿ ಮಾಡಿಕೊಂಡಳು.

"ಭಟ್ಟ್ಯಾಗ ನೆಳ್ಳಿತ್ರಿ ಅಕ್ಕಾರ" ಎಂದಳು.

ಅಷ್ಟೇ. ಆಮೇಲೆ ಒಳಗೆ ಹೋಗಿ ನನಗೆ ಕುಡಿಯಲು ನೀರು ತಂದಳು.

ನನಗೆ ಕೂಡ್ಲಿಗಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಕಪ್ಪಗಿತ್ತು. ನಸುಗಪ್ಪೂ ಅಲ್ಲ, ಗಂಡನಿಗಿಂತ ಒಂದು ಕೈ ಮೇಲು. ನಾಲ್ಕು ತಿಂಗಳ ಕತ್ತಲೆ ಕೋಣೆ, ಅಷ್ಟು ಕೇಸರಿ, ತಿನ್ನದೆ ಬಿಟ್ಟ ಅಷ್ಟು ಗುರೆಳ್ಳು ಪುಡಿ, ಎಲ್ಲ ನೀರಿನಲ್ಲಿ ಹೋಮ! ನೋಡಲು ಬಂದ ಅತ್ತೆ ತೊಟ್ಟಿಲಿಗೆ ಬಗ್ಗಿ, ನೆಟ್ಟಗಾಗಿ, "ಆ ಒಂದ್ ದಿನ ಓಡಿದ್ಲು ನೋಡ್ರಿ ಬಿಸ್ಲಾಗ" ಎಂದರು. ನಾನು ಬಾಣಂತಿ ಎಂಬುದನ್ನು ಮರೆತು ಬಿದ್ದು ಬಿದ್ದು ನಕ್ಕೆ. ಬಾಣಂತಿಗೆ ಸನ್ನಿ ಹಿಡಿಯಿತೆಂದು ನಮ್ಮವ್ವ ಗಾಬರಿಯಾಗಿ ನನ್ನ ಕಿವಿಗೆ ಹತ್ತಿ ತುರುಕಿದಳು.

ಐದನೇ ತಿಂಗಳಿಗೆ ಕೂಸನ್ನು ಕರೆದುಕೊಂಡು ಕೊಟ್ಟೂರಿಗೆ ಬಂದೆ. ಓಣಿಯ ಹೆಂಗಸರೆಲ್ಲ ಸೇರಿದರು. ಆರತಿ ಆಯಿತು, ಎಲೆ ಅಡಿಕೆ ಆಯಿತು, ಶುರುವಾಯಿತು ಮಾತು.

"ಮೂಗು ಚಲೋ ಐತಿ. ಬಣ್ಣ ಒಂದ್ ಸ್ವಲ್ಪ..."

"ದೊಡ್ಡಾಕಿ ಆಗ್ತ ಆಗ್ತ ತಿಳಿ ಆಗ್ತಾಳ ಬಿಡ್ರಿ. ಕಡ್ಲಿಹಿಟ್ಟು ಹಚ್ಚಿ ಎರೀರಿ."

"ಹೆಣ್ಣು ಕೂಸು ಬ್ಯಾರೆ. ನಾಳಿ ಗಂಡ ಹುಡಕಾದು ಹೆಂಗವಾ?"

"ಅವ್ವ ನೋಡಿದ್ರ ಹಾಲಿನಂಗ ಅದಾಳ. ಏನ ತಿಂದ್ಲೋ ಏನೋ ಕದ್ದು."

ಐದು ತಿಂಗಳ ಕೂಸು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಹೋಗುತ್ತ, ಬೆಳಕಿಗೆ ಹಿಡಿಸಿಕೊಂಡು, ನಿಜವಾದ ಬಣ್ಣಕ್ಕೆಂದು ಕಿವಿ ಮಡಚಿ ಹಿಂದೆ ನೋಡಿಸಿಕೊಂಡು ಸಾಕಾಗಿ, ಬಾಯಿ ಅಗಲ ಮಾಡಿ ಅಳಲು ಶುರು ಮಾಡಿತು. ಗಟ್ಟಿ ಅಳು. ಮನೆಯ ಸೂರು ಹಾರಿ ಹೋಗುವಂಥದ್ದು. ನನ್ನ ಬಾಯಲ್ಲಿ ಬೆಂಕಿಯಂಥ ಮಾತುಗಳು ತಯಾರಾಗಿ ನಿಂತಿದ್ದವು, ಇನ್ನೇನು ಬಿಡಬೇಕು.

ಹಿತ್ತಲ ಬಾಗಿಲಿಂದ ಒಂದು ದನಿ ಬಂತು.

"ಅಳಾಕತ್ತೈತಲ್ರೀ ಕೂಸು."

ಎಲ್ಲರೂ ತಿರುಗಿದರು. ಜರಡಿ ಕಂಕುಳಲ್ಲಿ ಹಿಡಿದುಕೊಂಡು ಅವಳು ಹೊಸ್ತಿಲ ಆಚೆ ನಿಂತಿದ್ದಳು. ಮತ್ತೆ ಭಟ್ಟಿಯ ಕೆಲಸಕ್ಕೆ ಬರುತ್ತಿದ್ದಳೆಂದು ನನಗೆ ಯಾರೂ ಹೇಳಿರಲಿಲ್ಲ.

"ಬಣ್ಣ ಏನ ನೋಡ್ತೀರ್ರೀ" ಎಂದಳು. "ಅಳಾದು ಕೇಳ್ರಿ."

ಅತ್ತೆ ತಲೆ ತಗ್ಗಿಸಿದರು. ನನ್ನ ಬಾಯಲ್ಲಿದ್ದ ಬೆಂಕಿ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ. ಅಳುವ ಕೂಸನ್ನು ಎತ್ತಿಕೊಂಡು ಹೋಗಿ ಅವಳ ಕೈಗೆ ಕೊಟ್ಟೆ. ಅವಳು ಜರಡಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಕೂಸನ್ನು ಎದೆಗವಚಿಕೊಂಡು ಬೇವಿನ ಮರದ ನೆರಳಿಗೆ ಹೋಗಿ, ಅದು ಅಳುವುದನ್ನು ಕಣ್ಣು ಮುಚ್ಚಿ ಕೇಳುತ್ತ ನಿಂತಳು.